ಅಳಿಯನ ಡಬ್ಬಿಯ ಬರ್ಲಿ ತಂಬಾಕು

ಚಟ ಬಿಟ್ಟೆ ಎಂದು ಹೇಳುವವರನ್ನು ನಾನು ನಂಬುವುದಿಲ್ಲ. ಚಟ ಎಲ್ಲಿಗೂ ಹೋಗುವುದಿಲ್ಲ. ಸ್ವಲ್ಪ ಹೊತ್ತು ಮುಂಬಾಗಿಲ ಹೊರಗೆ ಕೂತಿದ್ದು, ಮನೆಯವರ ಸಿಟ್ಟು ಇಳಿದ ಮೇಲೆ ಹಿತ್ತಲ ಬಾಗಿಲಿನಿಂದ ಒಳಗೆ ಬರುತ್ತದೆ. ನನ್ನದು ಎಲೆ, ಅಡಿಕೆ, ಅದರ ಜೊತೆಗೆ ತಂಬಾಕು. ಮದುವೆಯಾದ ಹೊಸತರಲ್ಲಿ ಹಲ್ಲುನೋವು ಬಂದಾಗ ನಮ್ಮತ್ತೆ ಒಂದು ಚೂರು ಕೊಟ್ಟು ದವಡೆಯಲ್ಲಿ ಇಟ್ಟುಕೋ ಎಂದರು. ಹಲ್ಲು ಬಿದ್ದುಹೋಯಿತು, ತಂಬಾಕು ಉಳಿಯಿತು. ಕೊಟ್ಟ ಅತ್ತೆ ಹೋದರು, ಬೈಯುತ್ತಿದ್ದ ಯಜಮಾನರೂ ಹೋದರು. ಇದು ಮಾತ್ರ ನನ್ನ ಜೊತೆಗೇ ಇದೆ. ಹೀಗೆಂದರೆ ಮಗಳು ಕಣ್ಣು ದೊಡ್ಡದು ಮಾಡುತ್ತಾಳೆ. ಮಾಡಲಿ.

ಈ ಮಗಳು ಶೈಲಾ ನ್ಯೂಜೆರ್ಸಿಯ ಪ್ಲೇನ್ಸ್‌ಬರೋದಲ್ಲಿ ಹಡೆದಾಗ ನಾನು ಬಾಣಂತನಕ್ಕೆ ಹೋಗಿದ್ದೆ. ಎರಡು ಸಾವಿರನೇ ಇಸವಿ ಇನ್ನೂ ಬಂದಿರಲಿಲ್ಲ. ಬಂದ ಕೂಡಲೇ ಕಂಪ್ಯೂಟರುಗಳಿಗೆಲ್ಲ ಅರಳುಮರಳು ಹಿಡಿಯುತ್ತದೆಂದು ಆ ದೇಶ ಹೆದರಿಕೊಂಡು ನಮ್ಮ ಹುಡುಗರನ್ನು ಹಿಂಡು ಹಿಂಡಾಗಿ ಕರೆಸಿಕೊಂಡಿತ್ತು. ನಮ್ಮ ಅಳಿಯಂದಿರೂ ಆ ಹಿಂಡಿನಲ್ಲಿ ಒಬ್ಬರು. ಬೆಳಗಿನ ರೈಲಿಗೆ ನ್ಯೂಯಾರ್ಕಿಗೆ ಹೋದರೆ ದೀಪ ಹಚ್ಚಿದ ಮೇಲೆ ಬರುವುದು. ಬಂದವರು ಮೊಳಕೈವರೆಗೆ ಸಾಬೂನು ಹಚ್ಚಿ ಕೈ ತೊಳೆದು, ಕೂಸನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ನಿಲ್ಲುತ್ತಿದ್ದರು. ಹಾಡಿಲ್ಲ, ಲಾಲಿಯಿಲ್ಲ, ಒಂದು ಲೊಚಗುಟ್ಟುವುದೂ ಇಲ್ಲ. ಸುಮ್ಮನೆ ಎತ್ತಿಕೊಂಡು ನಿಲ್ಲುವುದು. ಕೂಸು ನಿದ್ದೆ ಹೋಗುವುದು.

ಅವರು ಮಾತು ಕಡಿಮೆಯ ಮನುಷ್ಯ. ಊರಲ್ಲಿ ನಮ್ಮ ಬೀಗರ ಪೈಕಿ ಎಲ್ಲರೂ ಸಂತೆಯಲ್ಲಿ ನಿಂತವರ ಹಾಗೆ ಮಾತನಾಡುತ್ತಾರೆ. ಇವರೊಬ್ಬರು ಹೇಗೆ ಹೀಗಾದರೋ. ಮಗಳನ್ನು ಮೂಕನಿಗೆ ಕೊಟ್ಟೆನೇನೋ ಎಂದು ನನಗೆ ಒಳಗೊಳಗೇ ಚುಚ್ಚುತ್ತಿತ್ತು. ಕೇಳೋಣವೆಂದರೆ ನಮ್ಮಲ್ಲಿ ಅತ್ತೆ ಅಳಿಯನ ಎದುರಿಗೆ ಕೂಡುವ ಪದ್ಧತಿ ಇಲ್ಲ, ನೇರ ಮಾತನಾಡುವ ಪದ್ಧತಿಯೂ ಇಲ್ಲ. ತಲೆಯ ಮೇಲೆ ಸೆರಗು ಹೊದ್ದು, ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು, ಮಗಳ ಮೂಲಕ ಮಾತು ದಾಟಿಸಬೇಕು. ಆದರೆ ಆ ಅಪಾರ್ಟ್‌ಮೆಂಟಿನ ಅಡುಗೆಮನೆಗೆ ಬಾಗಿಲೇ ಇಲ್ಲ! ಒಲೆಯ ಮುಂದೆ ನಿಂತರೆ ಸೋಫಾದಲ್ಲಿ ಕೂತವರ ಕಾಲು ಬೆರಳು ಕಾಣುತ್ತದೆ. ನಾನೇನು ಮಾಡಿದೆ, ಫ್ರಿಜ್ಜಿನ ಬಾಗಿಲು ತೆರೆದು ಅದರ ಹಿಂದೆ ನಿಂತುಕೊಂಡೆ. ಅಲ್ಲಿಂದಲೇ, "ಶೈಲಾ, ಊಟಕ್ಕ ಏಳ್ತಾರೇನು ಕೇಳವ್ವ," ಎನ್ನುತ್ತಿದ್ದೆ. ಅಳಿಯಂದಿರು ಗೋಡೆ ನೋಡುತ್ತ, "ಹತ್ತು ಮಿನಿಟು ಬಿಟ್ಟು ಅಂತ ಹೇಳು," ಎನ್ನುತ್ತಿದ್ದರು. "ಅವ್ವಾ, ಹಾಲು ಕೆಡ್ತದ, ಬಾಗಲಾ ಹಾಕು. ನಿಮ್ಮಿಬ್ಬರ ನಡುವ ನಾ ಏನು ಟೆಲಿಫೋನ್ ಆಪರೇಟರೇನು?" ಎಂದು ಮಗಳು ರೇಗುತ್ತಿದ್ದಳು.

ಆದರೆ ಒಂದು ಮಾತು ಹೇಳಬೇಕು. ಆ ಮನೆಯ ನಡುಕೋಣೆಯ ಚಾವಣಿಯಲ್ಲಿ ಹೊಗೆ ಕಂಡರೆ ಕಿರಿಚಿಕೊಳ್ಳುವ ಒಂದು ಬಿಲ್ಲೆ ಇತ್ತು. ನಾನು ಒಗ್ಗರಣೆಗೆ ಮೆಣಸಿನಕಾಯಿ ಮುರಿಯುವ ಸಪ್ಪಳ ಕೇಳಿದರೆ ಸಾಕು, ಅಳಿಯಂದಿರು ತಾವಾಗಿಯೇ ಎದ್ದು ಟವೆಲ್ ಹಿಡಿದು ಅದರ ಕೆಳಗೆ ಹೋಗಿ ಬೀಸುತ್ತ ನಿಲ್ಲುತ್ತಿದ್ದರು. ಒಗ್ಗರಣೆ ಕಡಿಮೆ ಮಾಡಿರಿ ಎಂದು ಹೇಳಿ ಕಳಿಸಲಿಲ್ಲ. ಅದನ್ನು ನಾನು ಗಮನಿಸಿದ್ದೆ.

ಇನ್ನು ನನ್ನ ಸಂಕಟ. ಹೊರಡುವ ಮೊದಲೇ ಮಗಳು ಫೋನಿನಲ್ಲಿ, "ತಂಬಾಕ ಬಿಟ್ಟೀಯಿಲ್ಲೋ? ಇಲ್ಲಿ ನಡಿಯೂದಿಲ್ಲ ನೋಡು," ಎಂದಿದ್ದಳು. ಬಿಟ್ಟೆ ಎಂದು ಹೇಳಿ, ಸೀರೆಗಳ ಮಡಿಕೆಯಲ್ಲಿ ಒಂದು ಪೊಟ್ಟಣ ಇಟ್ಟುಕೊಂಡು ಹೋದೆ. ಎಲೆ ಅಡಿಕೆಗೆ ಅಡ್ಡಿಯಿರಲಿಲ್ಲ. ಬಾಣಂತಿಗೆ ಊಟವಾದ ಮೇಲೆ ಎಲೆ ಬೇಕೇ ಬೇಕು. ಅಳಿಯಂದಿರು ಹತ್ತಿರದ ಎಡಿಸನ್ ಊರಿನ ನಮ್ಮವರ ಅಂಗಡಿಯಿಂದ ಕಟ್ಟುಗಟ್ಟಲೆ ತರುತ್ತಿದ್ದರು. ಅವಳಿಗೆ ಮಡಚಿ ಕೊಡುವ ನೆಪದಲ್ಲಿ ನನ್ನದಕ್ಕೆ ಮೆಲ್ಲಗೆ ತಂಬಾಕು ಸೇರಿಸಿಕೊಂಡು, ಬಚ್ಚಲಮನೆಯಲ್ಲಿ ಖಾಲಿ ಮೊಸರಿನ ಡಬ್ಬಿಯಲ್ಲಿ ಉಗುಳಿ ಬರುತ್ತಿದ್ದೆ. ಕೂಸಿನ ಹೆಸರಿಡುವ ಹೊತ್ತಿಗೆ ಪೊಟ್ಟಣ ಮುಗಿಯಿತು. ತಂಬಾಕಿಲ್ಲದ ಎಲೆ ಎಂದರೆ ಉಪ್ಪಿಲ್ಲದ ಸಾರು. ನನಗೆ ತಲೆ ಭಾರ, ಸಿಟ್ಟು, ಹೊರಗೆ ನೋಡಿದರೆ ಎಲ್ಲ ಕಡೆ ಹಿಮ. ಟಿಕೆಟ್ ಬದಲಿಸಿ ವಾಪಸ್ಸು ಹೋಗಿಬಿಡಲೇ ಎಂದು ಸಹ ಅನ್ನಿಸಿತು. ಬಾಣಂತಿ ಮಗಳನ್ನು ಬಿಟ್ಟು ತಂಬಾಕಿಗಾಗಿ ಸಮುದ್ರ ದಾಟುವ ತಾಯಿ ನಾನೊಬ್ಬಳೇ ಇರಬೇಕು.

ಬಾಲ್ಕನಿಯಲ್ಲಿ ಒಂದು ಸಣ್ಣ ಕೋಣೆ ಇತ್ತು, ಸೂಟ್‌ಕೇಸು ಮತ್ತು ಹಳೆಯ ಸಾಮಾನು ತುಂಬುವುದಕ್ಕೆ. ಒಂದು ದಿನ ಹಳೆಯ ಪೇಪರು ಹುಡುಕಲು ಹೋದವಳಿಗೆ ಪರಿಮಳ ಬಂತು. ನನಗೆ ಬೇರೆ ಏನೂ ತಿಳಿಯದಿದ್ದರೂ ತಂಬಾಕಿನ ಸಂತತಿಯ ವಾಸನೆ ತಿಳಿಯುತ್ತದೆ. ಮೇಲಿನ ಹಲಗೆಯಲ್ಲಿ, ಬಣ್ಣದ ಡಬ್ಬಿಗಳ ಹಿಂದೆ, ಒಂದು ತಗಡಿನ ಡಬ್ಬಿ. ಪಕ್ಕದಲ್ಲಿ ಒಂದು ಮರದ ಪೈಪು. ಅಂದರೆ ನಮ್ಮ ಮೂಕ ಅಳಿಯಂದಿರು ಹೊಗೆ ಬಿಡುತ್ತಾರೆ! ಆಮೇಲೆ ತಿಳಿಯಿತು, ಆಫೀಸಿನ ಒಬ್ಬ ಮುದುಕ ಅಮೆರಿಕದವನು ಕಲಿಸಿದ್ದಂತೆ. ಮಗಳಿಗೂ ಗೊತ್ತಿತ್ತು. ಕೂಸು ಹುಟ್ಟಿದ ಮೇಲೆ ರವಿವಾರ ಒಂದು ಸಲ ಮಾತ್ರ, ಅದೂ ಕೆಳಗೆ ಕಾರು ನಿಲ್ಲಿಸುವ ಕಡೆ ಹೋಗಿ, ಎಂದು ಮಾತು ತೆಗೆದುಕೊಂಡಿದ್ದಳು. ಗೊತ್ತಿಲ್ಲದವಳು ನಾನೊಬ್ಬಳೇ.

ಕುರ್ಚಿ ಹಾಕಿಕೊಂಡು ಹತ್ತಿ ಡಬ್ಬಿ ಇಳಿಸಿದೆ. ಕಂದು ಬಣ್ಣದ ಚೂರುಗಳು, ಮುಟ್ಟಿದರೆ ಸ್ವಲ್ಪ ತೇವ. ನಮ್ಮ ಕಡೆಯ ತಂಬಾಕು ಬಿಸಿಲಲ್ಲಿ ಒಣಗಿ ಗರಿಗರಿ ಇರುತ್ತದೆ, ಮೂಗಿನ ಹತ್ತಿರ ತಂದರೆ ಸೀನು. ಇದು ಸೀನು ತರಿಸಲಿಲ್ಲ. ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಒಂದು ಚಿಟಿಕೆ ಹಾಕಿ ಬಾಯಿಗೆ ಇಟ್ಟುಕೊಂಡೆ. ಮೊದಲು ಏನೂ ಇಲ್ಲ, ಹುಲ್ಲು ಮೆದ್ದ ಹಾಗೆ. ಮೋಸ ಹೋದೆ ಎಂದುಕೊಂಡೆ. ನಿಧಾನವಾಗಿ ಹುರಿದ ಶೇಂಗಾದ ಕೆಂಪು ಸಿಪ್ಪೆಯ ರುಚಿ ಬಂತು. ಅದರ ಹಿಂದೆ ಮಕ್ಕಳು ಕುಡಿಯುವ ಕೋಕೋ ಪುಡಿಯ ಸಣ್ಣ ಕಹಿ. ಅದರ ಹಿಂದೆ ಜ್ಯೇಷ್ಠಮಧು. ಆ ಸಿಹಿ ಮೇಲೆ ಹಚ್ಚಿದ್ದು, ತಂಬಾಕಿನದಲ್ಲ, ಎರಡು ಸಲ ಜಗಿದರೆ ಹೋಯಿತು. ಹೋದ ಮೇಲೆ ಉಳಿಯುವುದೇ ಅದರ ನಿಜವಾದ ಗುಣ: ಒಣ, ಸಪ್ಪೆ, ಆದರೆ ಗಟ್ಟಿ. ನಾಲಿಗೆ ಕಚ್ಚಲಿಲ್ಲ, ಗಂಟಲು ಹಿಡಿಯಲಿಲ್ಲ. ನಮ್ಮದು ಬಂದ ಕೂಡಲೇ ಕಪಾಳಕ್ಕೆ ಹೊಡೆದು ಹೋಗುವ ಜಾತಿ. ಇದು ಬಂದು ಪಕ್ಕದಲ್ಲಿ ಕೂಡುವ ಜಾತಿ. ಎಷ್ಟೋ ಹೊತ್ತಾದ ಮೇಲೆ, ಅರೇ ಇನ್ನೂ ಇಲ್ಲೇ ಇದೆಯಲ್ಲ ಎಂದು ಗೊತ್ತಾಗುತ್ತದೆ. ತಲೆಭಾರ ಇಳಿಯಿತು. ಟಿಕೆಟ್ ಬದಲಿಸುವ ಮಾತು ಮತ್ತೆ ತೆಗೆಯಲಿಲ್ಲ.

ಅಂದಿನಿಂದ ಒಂದು ಚಿಟಿಕೆ, ಎರಡು ಚಿಟಿಕೆ. ಡಬ್ಬಿಯಲ್ಲಿ ಒಂದು ಸೇಬಿನ ಚೂರು ಬಿದ್ದಿತ್ತು, ತೇವ ಆರದಿರಲೆಂದು ಅಳಿಯಂದಿರು ಇಟ್ಟದ್ದು. ನನಗೆ ಅದು ತಿಳಿಯದೆ, ಕೊಳೆತ ಹಣ್ಣು ಬಿದ್ದಿದೆ ಎಂದು ಎಸೆದು, ರೂಢಿಯಂತೆ ಎರಡು ಲವಂಗ ಹಾಕಿಟ್ಟೆ. ತಂಬಾಕಿನ ಡಬ್ಬಿಗೆ ಲವಂಗ ಹಾಕದೆ ಇರಲು ನನ್ನ ಕೈಗೆ ಬರುವುದಿಲ್ಲ. ಮೂರು ದಿನದಲ್ಲಿ ಡಬ್ಬಿಯೆಲ್ಲ ಲವಂಗವಾಯಿತು. ಆ ತಂಬಾಕು ಪಕ್ಕದಲ್ಲಿ ಏನಿಟ್ಟರೂ ಕುಡಿದುಬಿಡುತ್ತದೆ. ಆಗ ನನಗೆ ಹೆದರಿಕೆಯಾಯಿತು. ಕಳ್ಳಿಯಾದವಳು ಕದ್ದ ಜಾಗದಲ್ಲಿ ಲವಂಗ ಬಿಟ್ಟು ಬರುತ್ತಾಳೆಯೇ?

ರವಿವಾರ ಅಳಿಯಂದಿರು ಕೆಳಗೆ ಹೋಗಿ ಬಂದರು. ಮುಖದಲ್ಲಿ ಏನೂ ಇಲ್ಲ. ಮರುದಿನ ನೋಡಿದರೆ ಡಬ್ಬಿ ಮೇಲಿನ ಹಲಗೆಯಲ್ಲಿ ಇಲ್ಲ. ಬಚ್ಚಿಟ್ಟರು, ಮುಗಿಯಿತು ಎಂದುಕೊಂಡು ತಿರುಗಿದರೆ, ಕೆಳಗಿನ ಹಲಗೆಯಲ್ಲಿ, ನನ್ನ ಸೊಂಟದ ಮಟ್ಟಕ್ಕೆ ಇತ್ತು. ಕುರ್ಚಿ ಹತ್ತುವುದು ಬೇಡ ಎಂದು. ಲವಂಗ ಹಾಗೇ ಇದ್ದವು. ತಂಬಾಕು ತಳ ಮುಟ್ಟಿದಾಗ ಪಕ್ಕದಲ್ಲಿ ಹೊಸ ಡಬ್ಬಿ ಬಂದು ಕೂತಿತು. ನಾನು ಲವಂಗ ಹಾಕಿದೆ. ಅವರು ಲವಂಗದ ಹೊಗೆಯನ್ನೇ ಸೇದಿದರು. ಹೀಗೆ ಎಷ್ಟೋ ವಾರ ನಾವಿಬ್ಬರೂ ಒಂದೂ ಮಾತಿಲ್ಲದೆ ಸಂಸಾರಸ್ಥರ ಹಾಗೆ ಹೊಂದಿಕೊಂಡು ಹೋದೆವು. ಎದುರಿಗೆ ಮಾತ್ರ ನಾನು ಫ್ರಿಜ್ಜಿನ ಹಿಂದೆ, ಅವರು ಗೋಡೆಯ ಕಡೆ.

ಒಂದು ಸಂಜೆ ಮಗಳು ಕೂಸಿನ ಕಾರ್ ಸೀಟು ಹುಡುಕಲು ಆ ಕೋಣೆಗೆ ಹೋದಳು. ಬರುವಾಗ ಎರಡೂ ಕೈಯಲ್ಲಿ ಖಾಲಿ ಡಬ್ಬಿಗಳು. ಅಳಿಯಂದಿರು ಆಗಷ್ಟೇ ಒಳಗೆ ಬಂದು ಬೂಟಿನ ಲಾಡಿ ಬಿಚ್ಚುತ್ತಿದ್ದರು.

"ಏನ್ರಿ ಇದು? ಸಂಡೇ ಒಂದ ಸಲ ಅಂತ ಪ್ರಾಮಿಸ್ ಮಾಡಿದ್ರಿ. ಇಷ್ಟು ಡಬ್ಬಿ ಖಾಲಿ ಆಗ್ಯಾವ!"

ಅವರು ಡಬ್ಬಿಗಳನ್ನು ನೋಡಿದರು. ಅಡುಗೆಮನೆಯ ಕಡೆ ಮಾತ್ರ ಕಣ್ಣು ಹಾಯಿಸಲಿಲ್ಲ. "ಸ್ವಲ್ಪ ಜಾಸ್ತಿ ಆತು," ಎಂದರು.

"ಸ್ವಲ್ಪ? ಮನ್ಯಾಗ ಹಸಗೂಸು ಅದ. ಹೊರಗ ಸೇದಿ ಬಂದ್ರೂ ಕೋಟಿನ ಜೋಡಿ ಒಳಗ ಬರ್ತದ ಅಂತ ಡಾಕ್ಟರ್ ಹೇಳಿಲ್ಲೇನು? ಸೇದಿದ್ದಕ್ಕಿಂತ ಸುಳ್ಳು ಹೇಳಿದ್ರಲ್ಲ, ಅದು ನನಗ ಬ್ಯಾನಿ. ಇನ್ ಮ್ಯಾಲ ಕೂಸಿನ್ನ ಮುಟ್ಟಬ್ಯಾಡ್ರಿ ನೀವು."

ಅಳಿಯಂದಿರು ಅಷ್ಟರಲ್ಲಿ ಬೂಟು ಬಿಚ್ಚಿಟ್ಟು ಎದ್ದಿದ್ದರು. ಕೈ ತೊಳೆಯಲು ಅಂಗಿಯ ತೋಳು ಮಡಚಿಕೊಂಡಿದ್ದರು, ಅದನ್ನು ಮತ್ತೆ ಕೆಳಗೆ ಇಳಿಸಿ ಗುಂಡಿ ಹಾಕಿಕೊಂಡರು. ಆ ಗುಂಡಿ ಹಾಕಿಕೊಂಡದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ನಾನು ಅಳುವವಳಲ್ಲ. ಆದರೆ ಬಾಣಂತಿಗೆಂದು ಅಳವಿ ಬೀಜದ ಪಾಯಸ ತಿರುವುತ್ತಿದ್ದ ಸೌಟು ಕೈಯಲ್ಲಿ ನಿಂತಿತು. ಒಲೆ ಆರಿಸಿ, ಎಲೆಯ ಚೀಲ ತೆಗೆದುಕೊಂಡು ಹೋಗಿ, ಸೋಫಾದ ಮೇಲೆ ಅವರ ಎದುರಿಗೇ ಕೂತೆ.

"ಅಳಿಯಂದ್ರ," ಎಂದೆ, "ಆ ತುಂಬಿದ ಡಬ್ಬಿ ಇತ್ತ ತಂದು ಕೊಡ್ರಿ."

ನಾನು ನೇರ ಮಾತನಾಡಿದ್ದಕ್ಕೆ ಮಗಳು ಬಾಯಿ ತೆರೆದವಳು ಹಾಗೇ ನಿಂತಳು. ಅವರು ಡಬ್ಬಿ ತಂದು ಎರಡೂ ಕೈಯಿಂದ ಕೊಟ್ಟರು. ಎಲೆಗೆ ಸುಣ್ಣ ಹಚ್ಚಿದೆ, ಅಡಿಕೆ ಇಟ್ಟೆ, ತಂಬಾಕು ಹಾಕಿದೆ, ಮಡಚಿ ಬಾಯಿಗೆ ಇಟ್ಟುಕೊಂಡೆ.

"ಅವ್ವಾ! ಬಿಟ್ಟೀನಿ ಅಂದಿದ್ದಿ!"

"ಬಿಟ್ಟಿದ್ದೆ. ತಂದದ್ದು ಮುಗದಿತ್ತಲ್ಲ, ಅದಕ್ಕ ಬಿಟ್ಟಿದ್ದೆ. ಈ ಡಬ್ಬಿ ಖಾಲಿ ಆಗಿದ್ದು ನನ್ನ ಬಾಯಾಗ. ಅವರು ಮಾತು ತಪ್ಪಿಲ್ಲ. ಬೈಯೂದಿದ್ರ ನನಗ ಬೈ, ಕೂಸು ಅವರ ಕೈಯಾಗ ಕೊಡು."

ಮಗಳು ಗಂಡನ ಕಡೆ ತಿರುಗಿದಳು. "ನಿಮಗ ಗೊತ್ತಿತ್ತೇನ್ರಿ?"

"ಲವಂಗ ಸಿಕ್ಕಾಗ ಗೊತ್ತಾತು."

"ಮತ್ತ ಈಗ ಬಾಯಿ ಬಿಟ್ಟು ಹೇಳಬಾರದೇನು?"

"ಹೆಂಗ ಹೇಳೂದು? ಅತ್ತಿಯವರಲ್ಲೇನು?"

ಮಗಳು ಹೊಟ್ಟೆಯ ಆಪರೇಷನ್ನಿನ ಹೊಲಿಗೆ ಹಿಡಿದುಕೊಂಡು ನಗತೊಡಗಿದಳು. "ಪೈಪಿನ ತಂಬಾಕ ಎಲಿಯಾಗ ಹಾಕ್ಕೊಂಡು ತಿಂದಿ? ಅಯ್ಯ ಯವ್ವಾ!" ಎಂದು ನಗುತ್ತಾ ನಗುತ್ತಾ ಅತ್ತುಬಿಟ್ಟಳು. ಬಾಣಂತಿಯರದು ಹಾಗೆಯೇ, ಎರಡೂ ಒಂದೇ ನಲ್ಲಿಯಿಂದ ಬರುತ್ತದೆ. ಆಮೇಲೆ ಹೋಗಿ ಕೂಸನ್ನು ತಂದಳು. "ಕೈ ತೊಳ್ಕೋರಿ ಮೊದಲ," ಎಂದು ಗಂಡನಿಗೆ ಗದರಿದಳು. ಅವರು ಗುಂಡಿ ಬಿಚ್ಚಿ ತೋಳು ಮಡಚಿಕೊಂಡರು.

ಕೈ ತೊಳೆಯಲು ಹೋಗುವಾಗ ನನ್ನ ಮುಂದೆ ನಿಂತು, ಜೀವನದಲ್ಲಿ ಮೊದಲ ಸಲ ನನಗೇ ಎಂದು ಒಂದು ಮಾತು ಹೇಳಿದರು. "ಅತ್ತಿಯವರ, ಅದು ಸೇದೂದ್ರಿ. ತಿನ್ನೂದಲ್ಲ."

"ನೀವು ಸುಟ್ಟು ಬೂದಿ ಮಾಡ್ತೀರಿ. ಅದರ ರುಚಿ ನಿಮಗೇನು ಗೊತ್ತು?" ಎಂದೆ.

ಅವತ್ತು ಊಟಕ್ಕೆ ಕೂತಾಗ ಅವರೇ ಹೇಳಿದರು, ಆ ತಂಬಾಕಿನ ಹೆಸರು ಬರ್ಲಿ ಎಂದು. ಬಿಸಿಲಿಗೆ ಹಾಕುವುದಿಲ್ಲವಂತೆ, ಬೆಂಕಿಗೆ ಒಡ್ಡುವುದಿಲ್ಲವಂತೆ. ದೊಡ್ಡ ಮರದ ಕೊಟ್ಟಿಗೆಯ ನೆರಳಿನಲ್ಲಿ ಜೋತುಬಿಟ್ಟು ಗಾಳಿಗೆ ಬಿಡುತ್ತಾರಂತೆ. ಆರುತ್ತ ಆರುತ್ತ ತನ್ನ ಸಿಹಿಯನ್ನೆಲ್ಲ ಕಳೆದುಕೊಳ್ಳುತ್ತದಂತೆ. ಅದಕ್ಕೇ ಯಾರು ಏನು ಸವರಿದರೂ ಹೀರಿಕೊಳ್ಳುತ್ತದೆ. ನಾನು ಕೇಳುತ್ತ ಅವರ ಮುಖ ನೋಡಿದೆ. ಇಷ್ಟು ದಿನ ಗೋಡೆಯ ಕಡೆ ತಿರುಗಿರುತ್ತಿದ್ದ ಮುಖ, ಸರಿಯಾಗಿ ನೋಡಿಯೇ ಇರಲಿಲ್ಲ. ಒಳ್ಳೆಯ ಮುಖ. ಮಗಳ ಬೈಗುಳವನ್ನೂ ನನ್ನ ಲವಂಗವನ್ನೂ ಹೀಗೇ ಹೀರಿಕೊಂಡು ಕೂತಿದ್ದ ಮನುಷ್ಯ. ಮೂಕನಿಗೆ ಕೊಟ್ಟೆನೆಂಬ ಚುಚ್ಚು ಅಲ್ಲಿಗೆ ಹೋಯಿತು.

ಡಬ್ಬಿ, ಪೈಪು ಎರಡನ್ನೂ ಮಗಳು ತಾನೇ ಹೋಗಿ ಕಸದ ತೊಟ್ಟಿಗೆ ಹಾಕಿ ಬಂದಳು. ನಾವಿಬ್ಬರೂ ಕಿಟಕಿಯಲ್ಲಿ ನಿಂತು ನೋಡಿದೆವು. ಆಮೇಲೆ ಶುರುವಾಯಿತು ನೋಡಿ ಬೇರೆ ಪಜೀತಿ. ಮಾತಿಲ್ಲದ ಮನುಷ್ಯ ಎಂದುಕೊಂಡಿದ್ದವರು ಮಾತಿಗೆ ಕೂತರು! ಕಂಪ್ಯೂಟರು ಇಸವಿಯ ಕೊನೆಯ ಎರಡು ಅಂಕಿ ಮಾತ್ರ ನೆನಪಿಟ್ಟುಕೊಳ್ಳುವುದು ಏಕೆ, ಮೊದಲಿನವರು ಯಾಕೆ ಹಾಗೆ ಮಾಡಿದರು, ಎಲ್ಲವನ್ನೂ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ನನಗೆ ಬಿಡಿಸಿ ಹೇಳುವರು. ಮಗಳು ಒಳಗಿನಿಂದ, "ಮೊದಲಿನ ಹಂಗ ಸುಮ್ಮನ ಇದ್ದಿದ್ರ ಛಲೋ ಇತ್ತು," ಎನ್ನುವಳು.

ಈಗ ನಾನು ಊರಿನಲ್ಲಿದ್ದೇನೆ. ರವಿವಾರ ಫೋನು ಬರುತ್ತದೆ. ಮಗಳು ಎರಡು ಮಾತನಾಡಿ ಗಂಡನಿಗೆ ಕೊಟ್ಟುಬಿಡುತ್ತಾಳೆ. ಊಟವಾಗಿ, ನಮ್ಮ ಕಡೆಯ ಖಡಕ್ ತಂಬಾಕು ಹಾಕಿದ ಎಲೆ ಬಾಯಲ್ಲಿ ರಸ ಬಿಡುವ ಹೊತ್ತಿಗೇ ಸರಿಯಾಗಿ ಫೋನು ಗಂಟೆ ಬಾರಿಸುವುದು. ಬಾಯಿ ತುಂಬ ಎಲೆ ಇಟ್ಟುಕೊಂಡು ಅಳಿಯನ ಜೊತೆ ಮಾತನಾಡಲಾದೀತೇ? ಅರ್ಧ ಜಗಿದದ್ದನ್ನು ಅಂಗಳಕ್ಕೆ ಉಗುಳಿ ಓಡುತ್ತೇನೆ. ಯಜಮಾನರು ಕರೆದಾಗ ಕೂಡ ಒಂದು ದಿನ ಹೀಗೆ ಉಗುಳಿ ಎದ್ದವಳಲ್ಲ ನಾನು.