ರೇಡಾನ್ ಡಬ್ಬಿಗೆ ಗಂಧ

ಕಣ್ಣಿಗೆ ಕಾಣದ್ದನ್ನು ನಂಬುವುದರಲ್ಲಿ ನನಗೆ ಒಳ್ಳೆಯ ಅಭ್ಯಾಸವಿದೆ. ದೇವರ ಮುಂದೆ ಕೂತು ದಿನವೂ ಒಂದು ತಾಸು ಅದನ್ನೇ ಮಾಡುತ್ತೇನೆ. ಹಾಗಾಗಿ ಹೊನ್ನಾವರದ ಕಾಲೇಜಿನಲ್ಲಿ ವಿಜ್ಞಾನ ಕಲಿಸುವ ನನ್ನ ಅಣ್ಣನ ಮಗಳು ಸುಮಾ, "ಅತ್ತೆ, ರೇಡಾನ್ ಅಂತ ಒಂದು ಅನಿಲ. ಬಣ್ಣ ಇಲ್ಲ, ವಾಸನೆ ಇಲ್ಲ. ನೆಲದ ಬಿರುಕಿಂದ ಮೇಲೆ ಬರ್ತದೆ. ಮುಚ್ಚಿದ ಕೋಣೆಲಿ ವರ್ಷಗಟ್ಲೆ ಉಸಿರಾಡಿದ್ರೆ ಶ್ವಾಸಕೋಶಕ್ಕೆ ಕೆಟ್ಟದ್ದು" ಎಂದಾಗ ತಕ್ಷಣ ನಂಬಿದೆ. ನಮ್ಮೂರ ಶಾಲೆಯ ಒಂದನೇ ತರಗತಿಯ ನೆಲ ಬಿರುಕು ಬಿಟ್ಟಿದೆ. ಮಂಗಗಳ ಕಾಟಕ್ಕೆ ಕಿಟಕಿ ಸದಾ ಮುಚ್ಚಿರುತ್ತದೆ. ಆ ನೆಲದ ಮೇಲೆ ಕೂತು ಅ, ಆ ತಿದ್ದುವವಳು ನನ್ನ ಮೊಮ್ಮಗಳು.

ಶಾಲಾ ಸಮಿತಿಯ ಸಭೆಯಲ್ಲಿ ಎದ್ದು ನಿಂತು, ಎಲ್ಲ ಶಾಲೆಗಳಿಗೂ ಈ ಪರೀಕ್ಷೆ ಕಡ್ಡಾಯವಾಗಬೇಕು, ಮೊದಲು ನಮ್ಮಲ್ಲೇ ಆಗಲಿ ಎಂದೆ. ಮೀನು ಮಾರುವ ನಾಗಮ್ಮ, "ವಾಸನೆ ಇಲ್ದಿದ್ದಕ್ಕೆ ಎಂತ ಪರೀಕ್ಷೆ ಮಾರಾಯ್ತಿ? ವಾಸನೆ ಬೇಕಾದ್ರೆ ನನ್ನ ಬುಟ್ಟಿ ಅದೆಯಲ್ಲ!" ಎಂದಳು. ಎಲ್ಲರೂ ನಕ್ಕರು. ಆದರೆ ಠರಾವಿಗೆ ಮೊದಲು ಕೈ ಎತ್ತಿದವಳೂ ಅವಳೇ. ಅವಳ ಮೊಮ್ಮಗಳದ್ದೂ ಅದೇ ಕೋಣೆ.

ಸುಮಾ ಕಾಲೇಜಿನಿಂದ ರೇಡಾನ್ ಅಳೆಯುವ ಪುಟ್ಟ ಡಬ್ಬಿಯೊಂದನ್ನು ತಂದು ತರಗತಿಯ ಗೋಡೆಗೆ, ಶಾರದೆಯ ಪಟದ ಪಕ್ಕದಲ್ಲಿ ಎತ್ತರಕ್ಕೆ ತೂಗುಹಾಕಿದಳು. ಮುಚ್ಚಳದಲ್ಲಿ ಸೂಜಿ ಚುಚ್ಚಿದಂಥ ತೂತುಗಳು. ಮೂರು ತಿಂಗಳು ಯಾರೂ ಮುಟ್ಟಬಾರದು ಎಂದಳು. "ಆತು" ಎಂದೆ.

ಶಾಲೆಯ ಶುಕ್ರವಾರದ ಪೂಜೆ ನನ್ನ ಪಾಲಿನ ಸೇವೆ. ಸ್ಟೂಲು ಹತ್ತಿ ಶಾರದೆಗೆ ಗಂಧ ಹಚ್ಚುತ್ತೇನೆ. ಕರಿಹಲಗೆಗೂ ಗಂಟೆಗೂ ಒಂದೊಂದು ಬೊಟ್ಟು. ಮಕ್ಕಳ ಎದೆ ಕಾಯಲು ಬಂದ ಡಬ್ಬಿಯೊಂದನ್ನೇ ಬಿಡಲು ಮನಸ್ಸು ಬರಲಿಲ್ಲ. ಮುಟ್ಟಲಿಲ್ಲ, ಆಣೆ. ಬರೀ ಬೊಟ್ಟಿಟ್ಟೆ, ಪ್ರತಿ ಶುಕ್ರವಾರ.

ಮೂರು ತಿಂಗಳ ಮೇಲೆ ಡಬ್ಬಿ ಇಳಿಸಿದ ಸುಮಾ, "ಅತ್ತೆ, ಇದ್ರ ತೂತೆಲ್ಲ ಎಲ್ಲಿ ಹೋತು?" ಎಂದಳು. ಗಂಧ ಪದರುಪದರಾಗಿ ಒಣಗಿ ಗಿಲಾವು ಮಾಡಿದಂತಾಗಿತ್ತು.

"ಗಾಳಿ ಹೊಗದ ಡಬ್ಬಿ ಎಂತ ಹೇಳ್ತದೆ ಅಮ್ಮಾ?" ಎಂದರು ನಮ್ಮ ದೊಡ್ಡಕ್ಕೋರು, ಅಂದರೆ ಮುಖ್ಯ ಶಿಕ್ಷಕಿ.

ನಾನೇನು ಸೋಲುವವಳೇ? ಇನ್ನೊಂದು ಡಬ್ಬಿ ತರಿಸಿದೆ. ಈ ನಡುವೆ ಡಬ್ಬಿಯ ಗಲಾಟೆ ಕೇಳಿದ ಪಾಲಕರೊಬ್ಬರು ಕಿಟಕಿಗೆ ಜಾಲರಿ ಹಾಕಿಸಿಕೊಟ್ಟರು. ಮಂಗ ಹೊರಗೆ, ಗಾಳಿ ಒಳಗೆ, ದೇವರು ದೊಡ್ಡವನು. ದೊಡ್ಡಕ್ಕೋರು ಠರಾವು ಪುಸ್ತಕ ತೆರೆದು ಹೊಸ ನಿಯಮ ಬರೆದರು: "ಪರೀಕ್ಷೆಯ ಡಬ್ಬಿಗೆ ಪೂಜೆ ಸಲ್ಲಿಸತಕ್ಕದ್ದಲ್ಲ."

ನಿಯಮ ಬೇಕು, ನಿಯಮ ಬೇಕು ಎಂದು ಕೂಗಿದವಳು ನಾನು. ಕೆಳಗೆ ಮೊದಲ ಸಹಿ ನನ್ನದೇ. ಬೆರಳಲ್ಲಿದ್ದ ಗಂಧ ಅಲ್ಲೂ ಸ್ವಲ್ಪ ಹತ್ತಿತು.