ಹಲ್ಲು ನೋಡಿ ಟೈರು ತಂದೆ

ಎತ್ತಿನ ಬಾಯಿ ಬಿಡಿಸಿ ಹಲ್ಲೆಣಿಸಿ ವಯಸ್ಸು ಹೇಳುವವನು ನಾನು! ಅಂಥವನಿಗೆ ಜೀಪಿಗೆ ನಾಲ್ಕು ಟೈರು ಆರಿಸುವುದು ಯಾವ ಮಹಾ ಬ್ರಹ್ಮವಿದ್ಯೆ? ಅಂಗಳದಲ್ಲಿ ನಿಂತು ಮೀಸೆ ತಿರುವಿ ಸಾರಿಯೇಬಿಟ್ಟೆ: "ಇನ್ನ ಮ್ಯಾಲ ಈ ಗಾದಿಗನೂರಿನ ಕೆಸರಾಗ ನನ್ನ ಜೀಪು ಹೂತ್ರ, ನನ್ನ ಹೆಸರ ಬದಲಿ ಮಾಡ್ರಿ!"

"ಹೆಸರು ನೀವ ಇಟ್ಕೊಳ್ರಿ, ಜೀಪು ಕೊಡ್ರಿ ಸಾಕು" ಎಂದಳು ಹೆಂಡತಿ ತಿಪ್ಪಕ್ಕ.

ಸಂಡೂರಿನಲ್ಲಿರುವ ಅವಳ ತಮ್ಮ ಮರುಳಸಿದ್ದಪ್ಪನಿಗೆ ಅಂಜೂರದ ತೋಟ. ಹಣ್ಣು ಸಾಗಿಸಲು ಅವನಿಗೊಂದು ಜೀಪು ಬೇಕು. ನನ್ನದೋ, ಹೋದ ಮಳೆಗಾಲದಲ್ಲಿ ಮೂರು ಸಲ ಹೊಲದಲ್ಲಿ ಹೂತು, ಮೂರು ಸಲವೂ ಎತ್ತು ಕಟ್ಟಿ ಎಳೆಸಿಕೊಂಡಿತ್ತು. "ಇನ್ನೊಮ್ಮೆ ಹೂತ್ರ ತಮ್ಮಗ ಕೊಟ್ಟುಬಿಡಬೇಕು" ಎಂದು ತಿಪ್ಪಕ್ಕ ಕರಾರು ಹಾಕಿದ್ದಳು. ಆದರೆ ನನಗದು ಬರೀ ಜೀಪಲ್ಲ, ನಾಲ್ಕು ಗಾಲಿಯ ಕನಸು. ಮಳೆ ನಿಂತ ಮುಂಜಾನೆ ಸಂಡೂರಿನ ಗುಡ್ಡಗಳ ನೆತ್ತಿಯ ಮೇಲೆ ಮೋಡ ಬಂದು ಕೂತಿರುತ್ತದಲ್ಲ, ಪಕ್ಕದಲ್ಲಿ ತಿಪ್ಪಕ್ಕನನ್ನು ಕೂಡಿಸಿಕೊಂಡು ಹಾಗೇ ಆ ಮೋಡದೊಳಗೆ ನುಗ್ಗಿಬಿಡಬೇಕು!

ಹೊಸಪೇಟೆಯ ಟೈರಿನ ಅಂಗಡಿ ಪಂಪೇಶ ಕೇಳಿದ: "ಯಜಮಾನ್ರ, ಕೆಸರೆಷ್ಟು, ಡಾಂಬರೆಷ್ಟು ಓಡಿಸ್ತೀರಿ?"

"ಹೊಲದ ದಾರಿ ಎರಡು ಮೈಲಿ. ಉಳಿದದ್ದೆಲ್ಲಾ ಹೈವೇ."

"ಹಂಗಾರ ಎ.ಟಿ. ತೊಗೊಳ್ರಿ."

"ಏಟು ತಿನ್ನಾಕ ಬಂದೀನೇನಲೇ ನಿನ್ನ ಅಂಗಡಿಗೆ?"

"ಏಟಲ್ರೀ ಅಜ್ಜಾರ, ಎ.ಟಿ.! ಕೆಸರಿಗೂ ಸೈ, ರೋಡಿಗೂ ಸೈ."

ಬಂಡಿಗೂ ಸೈ, ಓಟಕ್ಕೂ ಸೈ ಎಂಬ ಮಾತನ್ನು ಎತ್ತು ಮಾರುವವರ ಬಾಯಲ್ಲಿ ಕೇಳಿದ್ದೇನೆಯೇ ಹೊರತು ಕೊಂಡವರ ಬಾಯಲ್ಲಿ ಕೇಳಿಲ್ಲ! ಕುಕ್ಕರಗಾಲಲ್ಲಿ ಕೂತು ಹಲ್ಲು ನೋಡಿದೆ. ಎ.ಟಿ.ಯವು ಬರೀ ಹಾಲುಹಲ್ಲು. ಮೂಲೆಯಲ್ಲಿ ಇನ್ನೊಂದು ಜಾತಿ ನಿಂತಿತ್ತು ನೋಡಿ, ಅಬ್ಬಾ! ಹಲ್ಲಿನ ಸಂದಿಯಲ್ಲಿ ಹೆಬ್ಬೆರಳು ಇಳಿಯುತ್ತಿತ್ತು. ಹಲ್ಲೆಲ್ಲ ಬಂದು ಬಾಯಿಗೂಡಿದ ಹೋರಿ!

"ಅದು ಎಂ.ಟಿ. ರೀ. ಬರೇ ಕೆಸರಿಗೆ. ಹೈವೇದಾಗ ಭಾಳ ಒದರ್ತೈತಿ, ಬ್ಯಾಡ."

"ಎ.ಟಿ. ಅಂದ್ರ ಅರ್ಧಂಬರ್ಧ ಟೈರು, ಎಂ.ಟಿ. ಅಂದ್ರ ಮಸ್ತ್ ಟೈರು. ನನಗ ಕಲಿಸ್ತೀ? ಹಾಕಲೇ!"

ಮರುವಾರ ಮೈದುನನ ಮನೆಗೇ ಹೊರಟೆವು. ರಾತ್ರಿಯೆಲ್ಲ ಮಳೆ ಬಿದ್ದಿತ್ತು. ಹೊಲದ ದಾರಿಯ ಕೆಸರಿನಲ್ಲಿ ಜೀಪು ಬೆಣ್ಣೆಯೊಳಗಿನ ಕೂದಲಿನಂತೆ ಹೊರಬಂತು. "ಹೆಂಗೈತಿ?" ಎಂದೆ. ತಿಪ್ಪಕ್ಕ ಮುಖ ಆಚೆ ತಿರುಗಿಸಿದಳು. ಗೆದ್ದೆ!

ಹೈವೇ ಹತ್ತಿದೆವು. ಮೊದಲು ಒಂದು ಜೇನುಹುಳ ಗುಂಯ್ ಎಂದಿತು. ಆಮೇಲೆ ಇಡೀ ಜೇನುಗೂಡೇ ಎದ್ದಿತು. ಆಮೇಲೆ ನೂರು ಹಿಟ್ಟಿನ ಗಿರಣಿ ಒಮ್ಮೆಲೇ ಶುರುವಾದವು! ತಿಪ್ಪಕ್ಕ ನನ್ನ ಕಿವಿಗೆ ಬಾಯಿ ಹಚ್ಚಿ ಕೂಗಿದಳು: "ಇದೇನ್ರೀ ಇದು ಸಪ್ಪಳ?"

"ಯಾವ ಸಪ್ಪಳ? ನನಗೇನೂ ಕೇಳವಲ್ದು!" ಎಂದು ನಾನೂ ಕೂಗಿದೆ.

ತೋರಣಗಲ್ಲು ದಾಟಿ ಸಂಡೂರಿನ ಕಡೆ ಹೊರಳಿದ ಮೇಲೆ ಅವಳ ಬಾಯಿ ಒಂದೇ ಸಮನೆ ಆಡುತ್ತಿತ್ತು. ಒಂದಕ್ಷರ ಕೇಳಿಸಿದರೆ ಆಣೆ! "ಏನಂದಿ?" ಎಂದು ಕೇಳಿದರೆ ಸಪ್ಪಳ ಒಪ್ಪಿಕೊಂಡಂತೆ. ಅದಕ್ಕೇ ಗಂಭೀರವಾಗಿ ತಲೆಯಾಡಿಸಿ "ಹೂಂ" ಎಂದೆ. ದೂರದಲ್ಲಿ ಗುಡ್ಡಗಳು ನೀಲಿಯಾಗಿ ಎದ್ದವು. ಅವುಗಳ ಮೇಲೆ ಅದೇ ಮೋಡ, ಹಿಂಜಿದ ಅರಳೆಯಂತೆ. ಟೈರಿನ ಗುಂಯ್ಗುಟ್ಟುವಿಕೆಯೇ ಜೋಗುಳವಾಗಿ, ಜೀಪು ನೆಲ ಬಿಟ್ಟು ತೇಲಿದಂತಾಯಿತು. ಅವಳ ತುಟಿ ಆಡಿತು, ನಾನು "ಹೂಂ" ಎಂದೆ. ಮತ್ತೆ ಆಡಿತು, ಮತ್ತೆ "ಹೂಂ". ಇಷ್ಟು ವರ್ಷದ ಸಂಸಾರದಲ್ಲಿ ಅಷ್ಟು ಸೊಗಸಾಗಿ ನಾವು ಮಾತಾಡಿಕೊಂಡಿದ್ದೇ ಇಲ್ಲ!

ಸಂಡೂರು ಮುಟ್ಟಿದೆವು. ತಿಪ್ಪಕ್ಕ ಒಳಗೆ ಹೋದಳು. ನಾನು ಟೈರಿನ ಕೆಸರು ಒರೆಸುತ್ತಿದ್ದೆ. ಅಷ್ಟರಲ್ಲಿ ಮರುಳಸಿದ್ದಪ್ಪ ಹೂವಿನ ಹಾರ, ತೆಂಗಿನಕಾಯಿ, ನಾಲ್ಕು ಲಿಂಬಿಹಣ್ಣು ಹಿಡಿದು ಓಡಿಬಂದ.

"ಭಾವಾ, ಏನ್ ದೊಡ್ಡ ಮನಸ್ಸು ನಿಮ್ಮದು! ಹೊಸ ಟೈರ್ ಹಾಕಿಸಿ ಜೀಪು ಕೊಡಾಕ ಬಂದೀರಂತಲ್ಲ!"

"ಯಾರಲೇ ಹೇಳಿದ್ದು?"

ಬಾಗಿಲಲ್ಲಿ ತಿಪ್ಪಕ್ಕ ನಿಂತಿದ್ದಳು. "ದಾರಿಯಾಗ ಮೂರು ಸಲ 'ಹೂಂ' ಅಂದ್ರಲ್ರೀ! ಕೇಳ್ಸಿರ್ಲಿಲ್ಲೇನು?"

ನೋಡಿ ನನ್ನ ಪಾಡು! ಕೇಳಿಸಲಿಲ್ಲ ಎಂದರೆ ಜೀಪು ಉಳಿಯುತ್ತದೆ, ಟೈರು ಆರಿಸಿದವನ ಮಾನ ಹೋಗುತ್ತದೆ. ಕೇಳಿಸಿತು ಎಂದರೆ ಮಾನ ಉಳಿಯುತ್ತದೆ, ಜೀಪು ಹೋಗುತ್ತದೆ. ಗುಡ್ಡದ ಮೋಡವನ್ನೊಮ್ಮೆ ನೋಡಿದೆ. ಎದೆ ಉಬ್ಬಿಸಿದೆ.

"ಸ್ಪಷ್ಟ ಕೇಳಿಸ್ತು. ಗಂಡಸಿನ ಮಾತು ಒಂದೇ. ತೊಗೊಳೋ ಕೀಲಿಕೈ!"

ಕಾಯಿ ಒಡೆದರು. ನನ್ನ ಜೀಪು ಹಾರ ಹಾಕಿಕೊಂಡು, ನಾಲ್ಕೂ ಲಿಂಬಿಹಣ್ಣು ತುಳಿದು, ಗುಂಯ್ಗುಡುತ್ತ ಅಂಜೂರದ ತೋಟದ ಕಡೆ ಹೋಯಿತು.

ತಿರುಗಿ ಬರುವಾಗ ಬಸ್ಸು. ಕಿಟಕಿಯ ಹತ್ತಿರ ತಿಪ್ಪಕ್ಕ, ಪಕ್ಕದಲ್ಲಿ ಜೀಪಿಲ್ಲದ ನಾನು. ತಡೆಯಲಾಗದೆ ಮೆಲ್ಲಗೆ ಕೇಳಿದೆ: "ಖರೆ ಹೇಳು, ಮೂರು ಸಲಾನೂ ಜೀಪು ಕೊಡ್ರಿ ಅಂತನ ಕೇಳಿದ್ಯಾ?"

"ಹುಚ್ಚು ಹಿಡಿದೈತೇನ್ರೀ? ಅಂಥಾ ಸಪ್ಪಳದಾಗ ಯಾರಾರ ಮಾತಾಡ್ತಾರಾ?" ಎಂದಳು. "ನಾ ಎಲಿ-ಅಡಿಕಿ ಅಗೀತಿದ್ದೆ!"