ಲಟ್ಟಣಿಗೆಯಿಂದ ರಣರಂಗಕ್ಕೆ

ಕಾಲೇಜಿನ ಎನ್‌ಸಿಸಿಯಲ್ಲಿ ನಾನು ಒಟ್ಟು ಐದು ಗುಂಡು ಹಾರಿಸಿದ್ದೇನೆ. ಅದರಲ್ಲೊಂದು ಗುರಿಹಲಗೆಗೆ ತಾಗಿಯೂ ಇತ್ತು. ಅದು ಪಕ್ಕದವನ ಹಲಗೆ ಎಂಬ ವಿವರವನ್ನು ಒಸಾಕಾದ ನಮ್ಮ ಆಫೀಸಿನಲ್ಲಿ ಹೇಳುವ ಅಗತ್ಯ ಕಾಣಲಿಲ್ಲ. "ನಾನು ಶೂಟರ್" ಎಂದಷ್ಟೇ ಹೇಳಿದೆ. ಕೂಡಲೇ ಆಫೀಸಿನ ಏರ್‌ಸಾಫ್ಟ್ ಆಟಕ್ಕೆ, ಅಂದರೆ ಪ್ಲಾಸ್ಟಿಕ್ ಗುಂಡಿನ ಹುಸಿಯುದ್ಧಕ್ಕೆ, ನನ್ನನ್ನೇ ನಾಯಕನನ್ನಾಗಿ ಮಾಡಿಬಿಟ್ಟರು! ಮನೆಯವರೂ ನೋಡಲು ಬರಬಹುದಂತೆ. ಎಂಟು ವರ್ಷದ ಮಗಳು ಅನಘಾ ಇಡೀ ತರಗತಿಗೆ ಸುದ್ದಿ ಮುಟ್ಟಿಸಿದಳು. ಅವಳ ಮುಂದೆ ಮರ್ಯಾದೆ ಹೋಗುವುದು ಮಾತ್ರ ನನಗೆ ಬೇಡವಾಗಿತ್ತು.

ನೆಟ್ಟಗೆ ನಿಂತು ಯಾರು ಬೇಕಾದರೂ ಹೊಡೆದಾರು. ವೀರನಾದವನು ಅನಿರೀಕ್ಷಿತ ಸಂದರ್ಭಗಳಿಗೆ ಸಿದ್ಧನಿರಬೇಕು! ಲಟ್ಟಣಿಗೆಯನ್ನೇ ಬಂದೂಕು ಮಾಡಿಕೊಂಡು ಎಡಗೈಯಲ್ಲಿ, ಮಲಗಿಕೊಂಡು, ಫ್ರಿಜ್ಜಿನ ಮರೆಯಲ್ಲಿ ಅಭ್ಯಾಸ ನಡೆಸಿದೆ.

"ರೀ, ಚಪಾತಿ ಮಾಡ್ಬೇಕು, ಲಟ್ಟಣಿಗೆ ಕೊಡಿ," ಎಂದು ಹೆಂಡತಿ ರಶ್ಮಿ ಹಿಂದಿನಿಂದ ಕೂಗಿದಳು.

"ಹಂಗೆಲ್ಲ ಹಿಂದಿನಿಂದ ಬರ್ಬೇಡ ಕಣೇ! ಶತ್ರು ಅನ್ಕೊಂಡ್ಬಿಟ್ರೆ?"

"ಮದ್ವೆ ಆಗಿ ಹತ್ತು ವರ್ಷ ಆಯ್ತು. ಇನ್ನೇನು ಹೊಸದಾಗಿ ಅನ್ಕೊಳ್ತೀರಾ?"

ಆ ಸಿಟ್ಟಿಗೆ ಸೋಫಾದಿಂದ ಉರುಳಿ ಗುರಿಯಿಡುವ ಪಟ್ಟು ಪ್ರಯೋಗಿಸಿದೆ. ಕೆಳಮನೆಯ ಅಜ್ಜಿ ಹೆಲ್ಮೆಟ್ ಹಾಕಿಕೊಂಡು ಮೇಲೆ ಬಂದು, ಭೂಕಂಪ ನಿಂತಿತೇ ಎಂದು ವಿಚಾರಿಸಿದರು. ಸೊಂಟ ಹಿಡಿದುಕೊಂಡೇ "ಸುಮಿಮಾಸೆನ್" ಎಂದು ಕ್ಷಮೆ ಕೇಳಿದೆ.

ಯುದ್ಧದ ದಿನ ಬಂತು. ಜಪಾನಿನಲ್ಲಿ ಈ ಆಟ ನಡೆಯುವುದು ನಂಬಿಕೆಯ ಮೇಲೆ. ಯಾರ ಗುಂಡೇ ಆಗಲಿ, ತಗುಲಿದವನು ತಾನೇ "ಹಿಟ್!" ಎಂದು ಕೂಗಿ, ಕೈಯೆತ್ತಿ ಹೊರನಡೆಯಬೇಕು. ನನ್ನ ತಂಡದವರು ಒಬ್ಬೊಬ್ಬರಾಗಿ ಕೈಯೆತ್ತಿದರು. ನಾನು ಮಾತ್ರ ಒಂದೂ ಗುಂಡು ಹಾರಿಸದೆ ಮೈದಾನದ ಒಂದು ತಗಡಿನ ಡ್ರಮ್ಮಿನ ಹಿಂದೆ ಅವಿತು ಕೊನೆಯವರೆಗೂ ಉಳಿದೆ. ಎದುರು ತಂಡದಲ್ಲೂ ಉಳಿದವರು ಒಬ್ಬರೇ, ನಮ್ಮ ಮ್ಯಾನೇಜರ್ ಮೊರಿ-ಸಾನ್.

ಮೆಲ್ಲಗೆ ಡ್ರಮ್ಮನ್ನು ಸುತ್ತಿಕೊಂಡು ಹೊರಟೆ. ಆ ಕಡೆಯಿಂದ ಅವರೂ ಹೊರಟಿದ್ದರು. ಮುಖಾಮುಖಿ! ಎಡಗೈ ಅಭ್ಯಾಸವಾಗಿತ್ತು, ಮಲಗುವುದೂ ಆಗಿತ್ತು. ಮ್ಯಾನೇಜರ್ ಎದುರಾಗುವುದು ಆಗಿರಲಿಲ್ಲ. ಗಾಬರಿಯಲ್ಲಿ ಅವರು ಆಫೀಸಿನ ಕಾರಿಡಾರಿನಲ್ಲಿ ದಿನಾ ನಮಸ್ಕಾರ ಹೇಳುವಂತೆಯೇ "ಒತ್ಸುಕಾರೆಸಾಮ ದೆಸು" ಎಂದು ಬಾಗಿದರು. ಆರು ವರ್ಷದ ನೌಕರಿ ನೋಡಿ, ನನ್ನ ಬೆನ್ನೂ ತಾನಾಗಿಯೇ ಬಾಗಿತು. ಬೆರಳು ಟ್ರಿಗರಿನ ಮೇಲಿತ್ತು. ಟಪ್!

ಗುಂಡು ನೇರವಾಗಿ ನನ್ನ ಕ್ಯಾನ್ವಾಸ್ ಶೂಗೆ ಬಿತ್ತು. ಮೊರಿ-ಸಾನ್ ನೆಲ ನೋಡುತ್ತಾ ಬಾಗಿಯೇ ಇದ್ದರು. ಯಾರೂ ನೋಡಿಲ್ಲ! ಈಗ ಬಂದೂಕೆತ್ತಿದರೆ ಗೆಲುವು ನನ್ನದೇ. ಮೈದಾನದ ಸುತ್ತಲಿನ ಬಲೆಯಾಚೆ, ರಶ್ಮಿಯ ಪಕ್ಕದಲ್ಲಿ, ಅನಘಾ ಎರಡೂ ಕೈಯೆತ್ತಿ ಕುಣಿಯುತ್ತಿದ್ದಳು. ಆ ಮುಖ ನೋಡಿದ ಮೇಲೆ ಮೋಸ ಮಾಡಲು ಮನಸ್ಸು ಬರಲಿಲ್ಲ.

"ಹಿಟ್!" ಎಂದು ಕೂಗಿದೆ.

"ನಾನಿನ್ನೂ ಹೊಡೆದೇ ಇಲ್ಲವಲ್ಲ?" ಎಂದು ಮೊರಿ-ಸಾನ್ ತಮ್ಮ ಬಂದೂಕನ್ನೇ ತಿರುಗಿಸಿ ನೋಡಿಕೊಂಡರು.

ಕುಂಟುತ್ತಾ ಹೊರಬಂದೆ. ಅನಘಾ ಓಡಿ ಬಂದು, "ಪಪ್ಪಾ, ಹೂ ಗಾಟ್ ಯೂ?" ಎಂದು ಕೇಳಿದಳು.

ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ರಶ್ಮಿ ಹೇಳಿದಳು, "ತುಂಬಾ ಪ್ರಾಕ್ಟೀಸ್ ಮಾಡಿರೋ ಶೂಟರ್ ಒಬ್ರು, ಪುಟ್ಟಿ."

ಅಂದು ನಾನು ಹಾರಿಸಿದ್ದು ಒಂದು ಗುಂಡು, ತಗುಲಿದ್ದೂ ಒಂದು. ನೂರಕ್ಕೆ ನೂರು! ಎಡಗಾಲಿನ ಹೆಬ್ಬೆರಳು ಮಾತ್ರ ಈ ಲೆಕ್ಕವನ್ನು ಇನ್ನೂ ಒಪ್ಪುತ್ತಿಲ್ಲ.